ತಂತಿಗೆ ಏರದ ರಾಮಗಿರಿ ಕವರು

ನನ್ನ ಸಂಗ್ರಹದ ಕವರುಗಳಿಗೆಲ್ಲ ನಟ್ಟನಡುವೆ ಒಂದು ತೂತು ಇದೆ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಮೂಗು ಮುರಿಯುವುದು ಬೇಡ. ಬ್ರಿಟಿಷರ ಕಾಲದ ಅಂಚೆ ಚೀಟಿ, ಕವರು ಕೂಡಿಸುವ ದೊಡ್ಡ ಮಂದಿ ತೂತು ಬಿದ್ದದ್ದನ್ನು ಕೈಯಲ್ಲಿ ಮುಟ್ಟುವುದಿಲ್ಲ. ಮುಟ್ಟದಿದ್ದರೆ ಬಿಡಲಿ. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರಿನ ಹಳೆಯ ಠಸ್ಸೆಗಳು ಬಿದ್ದು ಒಂದೇ ಮನೆಗೆ ಬಂದ ಕವರುಗಳು, ಬಂದ ಕ್ರಮದಲ್ಲೇ, ಒಂದೂ ಚದುರದೆ ನನ್ನ ಹತ್ತಿರ ಇವೆ. ಬೇರೆ ಯಾರ ಹತ್ತಿರ ಇವೆಯೋ ತೋರಿಸಲಿ ನೋಡೋಣ.

ನಾನು ಹೆಚ್ಚು ಓದಿದವನಲ್ಲ. ಹಿರಿಯೂರಿನಿಂದ ಹೊರಟು ಚಿತ್ರದುರ್ಗ, ಹೊಳಲ್ಕೆರೆ ಹಾದು ಹೊಸದುರ್ಗಕ್ಕೆ ಹೋಗುತ್ತಿದ್ದ ಖಾಸಗಿ ಬಸ್ಸಿನಲ್ಲಿ ಇಪ್ಪತ್ತಾರು ವರ್ಷ ಕಂಡಕ್ಟರ್ ಆಗಿದ್ದೆ. ಒಂದು ದಿನ ತಾಳ್ಯದಲ್ಲಿ ಹತ್ತಿದ ಹೆಂಗಸೊಬ್ಬಳು ಮಠದ ವಿಭೂತಿ ಕೊಟ್ಟಳು. ಪೊಟ್ಟಣ ಬಿಚ್ಚಿದರೆ ಅದು ಹಳೆಯ ಲಕೋಟೆಯ ಚೂರು, ಮೇಲೆ ಕಿರೀಟ ತೊಟ್ಟ ರಾಜನ ತಲೆಯ ಚೀಟಿ. ವಿಭೂತಿ ಹಣೆಗೆ ಹೋಯಿತು, ಚೀಟಿ ತಲೆಗೆ ಹತ್ತಿತು.

ಮೊದಮೊದಲು ಸಿಕ್ಕ ಕವರುಗಳನ್ನೆಲ್ಲ ಬೋಗುಣಿಯ ನೀರಲ್ಲಿ ನೆನೆಹಾಕಿ, ಚೀಟಿ ಬಿಡಿಸಿಕೊಂಡು ಕವರು ಬಿಸಾಡುತ್ತಿದ್ದೆ. ನೆನೆಸಿಕೊಂಡರೆ ಈಗಲೂ ನನ್ನ ಕಪಾಳಕ್ಕೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ. ಒಂದಾಣೆಯ ರಾಜ ಎಲ್ಲ ಊರಲ್ಲೂ ಒಬ್ಬನೇ. ಅವನ ಮುಖದ ಮೇಲೆ ಹೊಳಲ್ಕೆರೆಯ ಠಸ್ಸೆ ಯಾವತ್ತು ಬಿತ್ತು, ಕಾಗದ ಯಾರ ಮನೆಗೆ ಹೊರಟಿತ್ತು ಎಂದು ಹೇಳುವುದು ಕವರು ಮಾತ್ರ. ಇದು ತಲೆಗೆ ಹೋಗುವಷ್ಟರಲ್ಲಿ ಎಷ್ಟೋ ಊರುಗಳನ್ನು ಚರಂಡಿಗೆ ಚೆಲ್ಲಿದ್ದೆ.

ಆಮೇಲೆ ಟಿಕೆಟ್ ಕೊಡುತ್ತಲೇ ಪ್ರಯಾಣಿಕರನ್ನು ಕೇಳುವುದು ರೂಢಿಯಾಯಿತು. "ಮನೇಲಿ ಹಳೇ ಕಾಗದ ಅವೇನ್ರಿ? ಸುಡಬ್ಯಾಡ್ರಿ, ನಂಗೆ ಕೊಡ್ರಿ." ಬಿ.ದುರ್ಗದ ಕಡೆಯವರು ನನಗೆ ಕವರ್ ಕಂಡಕ್ಟರ್ ಎಂದೇ ಹೆಸರಿಟ್ಟರು. ಆ ಹೆಸರಿಗೆ ನಾನು ಯಾವತ್ತೂ ನಾಚಿಕೊಳ್ಳಲಿಲ್ಲ.

ಆ ಹೆಸರು ಕೇಳಿಯೇ ಆ ಅಮ್ಮ ನನ್ನನ್ನು ಮನೆಗೆ ಕರೆದದ್ದು. ಚಿತ್ರದುರ್ಗದ ಕೋಟೆ ಕೆಳಗಿನ ಹಳೆಯ ಮುಸ್ಲಿಂ ಮನೆತನ. ತಿಂಗಳಿಗೊಮ್ಮೆ ಹೊಳಲ್ಕೆರೆಯ ಮಗಳ ಮನೆಗೆ ನನ್ನ ಬಸ್ಸಲ್ಲೇ ಹೋಗುತ್ತಿದ್ದರು, ಯಾವಾಗಲೂ ಡ್ರೈವರ್ ಹಿಂದಿನ ಸೀಟು. ಅವರ ಮಾವ ಕಂಬಳಿ ವ್ಯಾಪಾರಿ. ಕಣಜದ ಕೋಣೆಯ ಮೊಳೆಗೆ ಒಂದು ದಪ್ಪ ತಂತಿ ನೇತುಬಿದ್ದಿತ್ತು, ಅದರ ತುಂಬ ಪೋಣಿಸಿದ ಕವರುಗಳು, ಕಾರ್ಡುಗಳು. ಒಂದೊಂದೇ ಠಸ್ಸೆ ಓದುತ್ತ ಅಲ್ಲೇ ನಿಂತೆ.

"ನಮ್ ಮಾವ ಜವಾಬು ಬರೆದ್ ಮ್ಯಾಲೇನೇ ಕಾಗದಾನ ತಂತಿಗೆ ಚುಚ್ಚಾದು ಕಣಪ್ಪ. ಜವಾಬು ಬರೀದೆ ಚುಚ್ಚಿದ್ರೆ ಹರಾಮ್ ಅಂತಿದ್ರು. ನಾನು ಮದ್ವೆಯಾಗಿ ಬಂದ್ ಹೊಸದ್ರಲ್ಲಿ ಕಣ್ಣಾರೆ ನೋಡೀನಿ," ಎಂದರು ಅಮ್ಮ. "ಇಷ್ಟು ತೂತು ಅಂದ್ರೆ ಇಷ್ಟು ಜವಾಬು. ನಮ್ ಮನೇಗೆ ಬರೆದೋರು ಯಾರೂ ಕಾದು ಕುಂತಿಲ್ಲ."

ಇಪ್ಪತ್ತಾರು ವರ್ಷ ಟಿಕೆಟಿಗೆ ತೂತು ಹೊಡೆದವನು ನಾನು. ತೂತಿಗೆ ಇಂಥ ಮರ್ಯಾದೆ ಇರಬಹುದು ಎಂದು ಅವತ್ತೇ ಗೊತ್ತಾದದ್ದು. ತಂತಿಯ ಕವರುಗಳನ್ನು ಚದುರಿಸಬಾರದು, ಒಂದನ್ನೂ ಮಾರಬಾರದು ಎಂದು ಮಾತು ತೆಗೆದುಕೊಂಡು ಅಮ್ಮ ಎಲ್ಲವನ್ನೂ ನನಗೆ ಕೊಟ್ಟರು. ಅದೇ ಕೋಣೆಯ ತಗಡಿನ ಡಬ್ಬಿಯಲ್ಲಿದ್ದ ಚೂರುಪಾರು ಕಾಗದಗಳನ್ನೂ ಚೀಲಕ್ಕೆ ತುಂಬಿದರು.

ಆ ಡಬ್ಬಿಯ ಕಾಗದಗಳ ನಡುವೆ ರಾಮಗಿರಿಯ ಕವರು ಸಿಕ್ಕಿತು. ತೂತಿಲ್ಲ, ಕಲೆಯಿಲ್ಲ, ಮೂಲೆ ಮುರಿದಿಲ್ಲ. ರಾಜನ ಕೆನ್ನೆಯ ಮೇಲೆ ರಾಮಗಿರಿಯ ಠಸ್ಸೆ, ಅಕ್ಷರ ಅಕ್ಷರ ಓದಬಹುದು. ನಾನು ಮನೆಯಲ್ಲಿ ಕುಣಿಯುವುದೊಂದು ಬಾಕಿ.

ನಾನು ಕೆಲಸದಿಂದ ನಿವೃತ್ತನಾದ ಮೇಲೆ ಚಿತ್ರದುರ್ಗದಲ್ಲಿ ಅಂಚೆ ಚೀಟಿ ಪ್ರದರ್ಶನ ನಡೆಯಿತು. ನಾನೂ ಹೆಸರು ಕೊಟ್ಟೆ. ಹಿಂದಿನ ದಿನ, ಮುಗಿದ ಮೇಲೆ ಅದೇ ಕ್ರಮದಲ್ಲಿ ಮತ್ತೆ ಪೋಣಿಸಿದರಾಯಿತು ಎಂದು ತಂತಿಯ ಕವರುಗಳನ್ನು ಬಿಡಿಸಿ, ಹಾಳೆಗೆ ಹಚ್ಚಿ ಬೋರ್ಡಿಗೆ ಏರಿಸುತ್ತಿದ್ದಾಗ ಬೆಂಗಳೂರಿನಿಂದ ಬಂದ ತೀರ್ಪುಗಾರರು ಸುತ್ತು ಹಾಕುತ್ತ ನನ್ನ ಮುಂದೆ ನಿಂತರು.

"ಎಲ್ಲಾ ಡ್ಯಾಮೇಜು. ತೂತು ಮುಚ್ಚಿಸಿಕೊಂಡಾದರೂ ಬರಬಾರದಿತ್ತೇ?" ಎಂದರು. ಆಮೇಲೆ ರಾಮಗಿರಿಯ ಕವರು ಕಂಡು ಕನ್ನಡಕ ಮೇಲೇರಿಸಿದರು. "ಇದೊಂದು ವಜ್ರ. ಇದನ್ನು ಮುಂದಿಡಿ. ಬಹುಮಾನ ಕಷ್ಟವಾಗುವುದಿಲ್ಲ."

ಮೊದಲಿನ ಮಾತಿಗೆ ಮೈಯೆಲ್ಲ ಉರಿಯಿತು. ಎರಡನೆಯದಕ್ಕೆ ತಣ್ಣಗಾಯಿತು. ಸುಳ್ಳು ಯಾಕೆ ಹೇಳಲಿ, ನನಗೆ ಬಹುಮಾನ ಬೇಕಿತ್ತು. ಕಂಡಕ್ಟರ್ ಏನು ಕೂಡಿಸಿಯಾನು ಎಂದು ನಕ್ಕವರ ಎದುರು ಬೇಕಿತ್ತು. ತಂತಿಯ ಕವರುಗಳನ್ನು ಕೆಳಗಿನ ಸಾಲಿಗೆ ತಳ್ಳಿ, ರಾಮಗಿರಿಯನ್ನು ಬಂಗಾರದ ಬಣ್ಣದ ಚೌಕಟ್ಟಿನಲ್ಲಿ ನಡುವೆ ಕೂರಿಸಿದೆ. ತೀರ್ಪುಗಾರರ ಮಾತು ಸುಳ್ಳಾಗಲಿಲ್ಲ. ಎರಡನೇ ಬಹುಮಾನ ಬಂತು.

ಮರುದಿನ ಅಮ್ಮನನ್ನು ಆಟೋದಲ್ಲಿ ಕರೆದುಕೊಂಡು ಹೋದೆ. ಹೊಗಳುತ್ತಾರೆ ಎಂದುಕೊಂಡಿದ್ದೆ. ಅವರು ಚೌಕಟ್ಟಿನ ಹತ್ತಿರ ಮುಖ ತಂದು ಬಹಳ ಹೊತ್ತು ನೋಡಿದರು.

"ಇದಕ್ಕೆ ತೂತು ಎಲ್ಲೈತಪ್ಪ?"

"ಇಲ್ಲಮ್ಮ! ಅದಕ್ಕೇ ಬಹುಮಾನ ಬಂದಿರಾದು," ಎಂದೆ, ಹಲ್ಲು ಕಿರಿದು.

"ಹಂಗಾದ್ರೆ ಇದಕ್ಕೆ ಜವಾಬೇ ಹೋಗಿಲ್ಲ," ಎಂದರು. ಅವರ ದನಿ ಇಳಿದಿತ್ತು. "ಜವಾಬು ಕೊಟ್ಟಿದ್ದೆಲ್ಲಾ ಕೆಳಗಿಟ್ಟು, ಕೊಡದೆ ಉಳಿದಿದ್ದ ಒಂದನ್ನ ಊರಿಗೆಲ್ಲಾ ತೋರುಸ್ತಿದೀಯಲ್ಲಪ್ಪ. ನಮ್ ಮಾವನ ಮಾನ ಕಳೆದ್ಯಲ್ಲ."

ಆ ಮನೆಯ ರೂಢಿಯನ್ನು ಅವರ ಬಾಯಿಂದಲೇ ಕೇಳಿದ್ದವನು ನಾನು. ಆದರೂ ತೂತಿಲ್ಲದ್ದನ್ನು ಕಂಡಾಗ ಹೊಳೆದದ್ದು ಬೆಲೆ ಮಾತ್ರ. ನಾಚಿಕೆಯ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಅಷ್ಟು ವರ್ಷದಲ್ಲಿ ಆ ಕವರಿನ ಒಳಗಿನ ಕಾಗದವನ್ನು ನಾನು ಓದಿಯೇ ಇರಲಿಲ್ಲ. ಚೀಟಿ, ಠಸ್ಸೆ, ಅಷ್ಟೇ ನನ್ನ ಲೋಕ.

ಪ್ರದರ್ಶನ ಮುಗಿದ ದಿನ ಕವರುಗಳನ್ನೆಲ್ಲ ಮತ್ತೆ ತಂತಿಗೆ ಪೋಣಿಸಿ, ತಂತಿಯನ್ನೂ ರಾಮಗಿರಿಯ ಕವರನ್ನೂ ಅಮ್ಮನ ಮನೆಗೆ ತೆಗೆದುಕೊಂಡು ಹೋಗಿ, ಅವರ ಎದುರೇ ಕಾಗದ ಬಿಡಿಸಿ ಓದಿದೆ. ಪೆನ್ಸಿಲಿನ ಕನ್ನಡ. ಬರೆದವರು ರಾಮಗಿರಿಯ ಕಂಬಳಿ ನೇಯುವವರು. ಸಾಹುಕಾರರ ಮಗಳ ಮದುವೆಗೆ ಹೇಳಿದ್ದ ಕಂಬಳಿ ಮಗ್ಗದ ಮೇಲಿದೆ, ಅಂಚಿಗೆ ಕೆಂಪು ಹಾಕಲೋ ಕಪ್ಪೇ ಇರಲೋ, ಒಂದು ಸಾಲು ಬರೆಯುವುದು, ಅಲ್ಲಿಯವರೆಗೆ ಮಗ್ಗ ನಿಲ್ಲಿಸಿರುತ್ತೇನೆ. ಇಷ್ಟೇ ಇತ್ತು.

"ಮಗ್ಗ ನಿಲ್ಸಿ ಕಾದವ್ನೆ," ಎಂದು ಅಮ್ಮ ಕಣ್ಣೊರೆಸಿಕೊಂಡರು. ಮಾವ ಯಾಕೆ ಬರೆಯಲಿಲ್ಲವೋ ಅವರಿಗೂ ಗೊತ್ತಿರಲಿಲ್ಲ. ಆಮೇಲೆ, "ಒಂದು ಕಾರ್ಡು ತಗಂಬಾರಪ್ಪ," ಎಂದರು.

ನನ್ನ ಹಳೆಯ ಪ್ರಯಾಣಿಕರಲ್ಲಿ ರಾಮಗಿರಿಯವರಿಗೇನು ಬರವೇ? ಎರಡೇ ದಿನದಲ್ಲಿ ನೇಕಾರರ ಮೊಮ್ಮಗನ ವಿಳಾಸ ಸಿಕ್ಕಿತು. ಅಮ್ಮ ಹೇಳಿದಂತೆ ಬರೆದೆ: ನಿಮ್ಮ ಅಜ್ಜನವರ ಕಾಗದ ನಮ್ಮ ಮನೆಗೆ ಮುಟ್ಟಿದೆ. ಕೆಂಪು ಅಂಚೇ ಹಾಕಬೇಕು. ಜವಾಬು ತಡವಾಯಿತು, ದೊಡ್ಡ ಮನಸ್ಸು ಮಾಡಬೇಕು. ಕೆಳಗೆ ಅಮ್ಮ ಉರ್ದುವಿನಲ್ಲಿ ತಮ್ಮ ಸಹಿ ಹಾಕಿದರು.

ಕಾರ್ಡು ಅಂಚೆ ಡಬ್ಬಕ್ಕೆ ಹಾಕಿ ವಾಪಸು ಬಂದೆ. ಅಮ್ಮ ತಂತಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ರಾಮಗಿರಿಯ ಕವರು ತೆಗೆದು ಅವರ ಕೈಗಿಟ್ಟೆ. ಇಷ್ಟು ವರ್ಷ ಹುಡುಕಿದವನಿಗೆ ಸಿಕ್ಕ ಒಂದೇ ಒಂದು ಕಲೆಯಿಲ್ಲದ ಕವರು. ನೋಡಲಾರದೆ ಕಿಟಕಿ ಕಡೆ ತಿರುಗಿದೆ. ತಂತಿ ಕವರನ್ನು ತೂರಿದ ಸಣ್ಣ ಸದ್ದು ಕೇಳಿಸಿತು.

ಹದಿನೈದು ದಿನಕ್ಕೆ ರಾಮಗಿರಿಯಿಂದ ಕಾಗದ ಬಂತು. ಮಗ್ಗ ಈಗಿಲ್ಲವಂತೆ. ಅಮ್ಮ ಅದಕ್ಕೂ ಅವತ್ತೇ ಜವಾಬು ಬರೆಸಿ ತಂತಿಗೆ ಚುಚ್ಚಿದರು.

ಮುಂದಿನ ಪ್ರದರ್ಶನಕ್ಕೆ ಬಿಡಿ ಹಾಳೆ ಮಾಡಲಿಲ್ಲ. ಮೊಳೆ ಹೊಡೆದು, ಇಡೀ ತಂತಿಯನ್ನೇ ನೇತುಹಾಕಿದೆ. ಬಹುಮಾನ ಬರುವುದಿಲ್ಲ ಎಂದು ಗೊತ್ತಿತ್ತು, ಬರಲೂ ಇಲ್ಲ. ಅದೇ ತೀರ್ಪುಗಾರರು ಬಂದು ನೋಡುತ್ತ ನೋಡುತ್ತ ರಾಮಗಿರಿಯ ಕವರಿನ ಹತ್ತಿರ ಗಕ್ಕನೆ ನಿಂತರು.

"ಅಯ್ಯೋ, ಹೋದ ಸಲ ಇದಕ್ಕೆ ತೂತಿರಲಿಲ್ಲವಲ್ಲ! ಯಾರ್ರೀ ಹಾಳು ಮಾಡಿದ್ದು?"

ಪಕ್ಕದ ಕುರ್ಚಿಯಲ್ಲಿ ಅಮ್ಮ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಸೆರಗು ಸರಿಮಾಡಿಕೊಂಡು ತಲೆ ಎತ್ತಿದರು.

"ಜವಾಬು ಹೋಗೈತೆ ಸ್ವಾಮಿ," ಎಂದರು.