ಸುಮ್ಮನಿದ್ದರೆ ಒಪ್ಪಿಕೊಂಡಂತೆ

ಭಂತೇಜಿ ದುಡ್ಡು ತಿಂದಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಅಷ್ಟು ಜನರ ಮುಂದೆ "ಒಪ್ಕೊಂಡ್ರು" ಎಂದು ಕೂಗಿದವನು ನಾನು. ನಾನು ಕೂಗಿದ ಮೇಲೆಯೇ ಅವರಿಗೆ ಮೊದಲ ಏಟು ಬಿದ್ದದ್ದು. ಇದನ್ನು ಮೂರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಉಂಡೆ, ಮಲಗಿದೆ, ವ್ಯಾಪಾರ ಮಾಡಿದೆ, ಮೊಮ್ಮಗಳ ನಾಮಕರಣದಲ್ಲಿ ರೇಷ್ಮೆ ಪಂಚೆ ಉಟ್ಟು ಬಂದವರಿಗೆಲ್ಲ ಕೈ ಮುಗಿದೆ. ಥೂ ನನ್ನ ಜನ್ಮಕ್ಕೆ!

ನಾನು ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ಮಂಡಿ ಇಟ್ಟವನು. ಅಪ್ಪನ ಕಾಲದಿಂದ ಅದೇ ಕಸುಬು. ಹಣೆಗೆ ವಿಭೂತಿ ಇಲ್ಲದೆ ಗಲ್ಲಾಪೆಟ್ಟಿಗೆ ಮುಟ್ಟಿದವನಲ್ಲ. ಕೋಪ ಮಾತ್ರ ಮೂಗಿನ ತುದಿಯಲ್ಲೇ ಇರುತ್ತಿತ್ತು. ಒಂದು ಸಲ ಲೋಡು ಮಾಡುವವನ ಮೇಲೆ ಕೈಯಲ್ಲಿದ್ದ ಕಾಯನ್ನೇ ಎಸೆದುಬಿಟ್ಟೆ — ಸದ್ಯ, ಭುಜಕ್ಕೆ ಬಿತ್ತು, ತಲೆಗೆ ಬೀಳಲಿಲ್ಲ. ಡಾಕ್ಟರು ಬಿಪಿ ನೋಡಿ, "ಹಿಂಗೇ ಕೂಗಾಡ್ತಿದ್ರೆ ಒಂದಿನ ಮಂಡೀಲೇ ಬಿದ್ದೋಯ್ತೀರಾ" ಎಂದರು. ಆಗಲೇ ಯಾರೋ ಭಂತೇಜಿಯ ಹೆಸರು ಹೇಳಿದ್ದು.

ಊರಾಚೆ, ಹೊಳೆನರಸೀಪುರಕ್ಕೆ ಹೋಗುವ ರಸ್ತೆಯಲ್ಲಿ ಒಂದು ತಗಡಿನ ಶೆಡ್ಡು. ಅದೇ ಅವರ ವಿಹಾರ. ಅರಕಲಗೂಡು ಕಡೆಯವರು, ಮೇಷ್ಟರಾಗಿದ್ದವರು. ನೌಕರಿ ಬಿಟ್ಟು, ತಲೆ ಬೋಳಿಸಿ, ಕಾವಿ ಬಟ್ಟೆಯ ಚೀವರ ಉಟ್ಟು ಬೌದ್ಧ ಭಿಕ್ಷುವಾಗಿ ಇಲ್ಲಿಗೆ ಬಂದಿದ್ದರು. ಧ್ಯಾನಕ್ಕೆ ಬರುತ್ತಿದ್ದವರು ಹೆಚ್ಚಾಗಿ ಕಾಲೋನಿಯ ಜನ — ಗಾರೆ ಕೆಲಸದವರು, ಟೈಲರುಗಳು, ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು. ಅವರ ಮಧ್ಯೆ ಮೂರು ಬೆರಳು ವಿಭೂತಿಯ ನಾನು. ಅಳಿಸಿಕೊಂಡು ಬಾ ಎಂದು ಅವರು ಒಂದು ದಿನವೂ ಅನ್ನಲಿಲ್ಲ. "ಸಿಟ್ಟು ಬಂದಾಗ ಉಸಿರು ನೋಡ್ಕೊಳಿ ಯಜಮಾನ್ರೇ" ಎನ್ನುತ್ತಿದ್ದರು, ಅಷ್ಟೇ. ಆರು ತಿಂಗಳಲ್ಲಿ ನನ್ನ ಬಿಪಿ ಇಳಿಯಿತು. ನಮ್ಮನೆಯವಳು ಅವರಿಗೆ ವಾರಕ್ಕೊಂದು ದಿನ ಊಟ ಕಳಿಸತೊಡಗಿದಳು.

ಆ ಊಟದ ವಿಷಯ ಹೇಳಲೇಬೇಕು, ನನ್ನ ಪಾಪ ಹುಟ್ಟಿದ್ದೇ ಅಲ್ಲಿಂದ. ಭಿಕ್ಷುಗಳನ್ನು ಊಟಕ್ಕೆ ಕರೆದರೆ ಅವರು "ಬತ್ತೀನಿ" ಎನ್ನುವುದಿಲ್ಲ. ಸುಮ್ಮನೆ ಇರುತ್ತಾರೆ. ಸುಮ್ಮನಿದ್ದರೆ ಒಪ್ಪಿಕೊಂಡಂತೆ, ಅದು ಅವರಲ್ಲಿ ಹಿಂದಿನಿಂದ ಬಂದ ಪದ್ಧತಿ. ನಮ್ಮ ಜನಕ್ಕೆ ಇದೆಲ್ಲಿ ಗೊತ್ತು? ಎರಡು ಸಲ, ಮೂರು ಸಲ ಕರೆದು, "ಏನ್ ಗತ್ತಪ್ಪಾ ಈವಯ್ಯಂಗೆ, ಬಾಯೇ ಬಿಡಾಕಿಲ್ವಲ್ಲ" ಎಂದು ಮುಖ ಊದಿಸಿಕೊಂಡು ಹೋಗುತ್ತಿದ್ದರು. ಅವರನ್ನು ಬಾಗಿಲಲ್ಲಿ ತಡೆದು, "ಸುಮ್ನಿದ್ರೆ ಒಪ್ಕೊಂಡಂಗೆ ಕಣ್ರಲಾ, ಓಗಿ ಅಡಿಗೆ ಮಾಡ್ರಿ" ಎಂದು ಸಮಾಧಾನ ಹೇಳುತ್ತಿದ್ದವನು ನಾನೇ. ಆಮೇಲೆ ಅದು ಬಾಯಿಂದ ಬಾಯಿಗೆ ಹೋಗಿ, ಮಂಡಿಯಲ್ಲಿ ರೇಟು ಹೇಳಿ ರೈತ ಸುಮ್ಮನಾದರೂ "ಭಂತೇಜಿ ಒಪ್ಕೊಂಡ್ರು ಬುಡಿ" ಎಂದು ತಮಾಷೆ ಮಾಡುವ ಮಟ್ಟಕ್ಕೆ ಬಂತು.

ತಗಡಿನ ಶೆಡ್ಡು ಸಾಲದು, ಒಂದು ಸಭಾಂಗಣ ಕಟ್ಟೋಣ ಎಂದಾಯಿತು. ಜನ ಕೈಲಾದಷ್ಟು ಕೊಟ್ಟರು. ಹೂ ಮಾರುವ ಲಕ್ಷ್ಮಮ್ಮ ಕಿವಿಯ ಓಲೆಯನ್ನೇ ಬಿಚ್ಚಿಕೊಟ್ಟಳು. ನನ್ನ ಮಂಡಿಗೆ ಟೆಂಪೋ ಓಡಿಸುವ ತಿಮ್ಮೇಗೌಡ ಹಬ್ಬಕ್ಕೆಂದು ಕೂಡಿಸಿಟ್ಟದ್ದನ್ನು ತಂದು ಮುಂದಿಟ್ಟ. ಅವನು ಕೊಟ್ಟದ್ದು ಬುದ್ಧನನ್ನು ನೋಡಿ ಅಲ್ಲ, ನನ್ನ ಮುಖ ನೋಡಿ. ಜಾಗ ನಾನೇ ತೋರಿಸಿದೆ: ಬೂವನಹಳ್ಳಿ ಹತ್ತಿರ ನನ್ನ ಭಾವಮೈದ ಮಹೇಶನ ಜಮೀನಿನಲ್ಲಿ ಹತ್ತು ಗುಂಟೆ. ಭಂತೇಜಿ ನನ್ನ ಜೊತೆ ಬ್ಯಾಂಕಿಗೆ ಬಂದು, ವಿಹಾರದ ಖಾತೆಯಲ್ಲಿದ್ದ ಹಣ ತೆಗೆಯಲು ರುಜು ಹಾಕಿದರು. ಅವರು ನೋಟು ಮುಟ್ಟುವವರಲ್ಲ. ಕಟ್ಟುಗಳನ್ನು ಚೀಲಕ್ಕೆ ತುಂಬಿಕೊಂಡವನು ನಾನು, ಮಹೇಶನ ಕೈಗೆ ಕೊಟ್ಟವನೂ ನಾನು. "ಒಂದು ಕಾಗದ ಮಾಡಿಸೋಣವಾ?" ಎಂದು ಅವರು ಕೇಳಿದರು. "ನಮ್ಮನೆ ಹುಡುಗ ಭಂತೇಜಿ, ಅವನ ಹತ್ರ ಎಂಥಾ ಕಾಗದ" ಎಂದುಬಿಟ್ಟೆ.

ಬೂವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಬರುವ ಮಾತು ಜೋರಾಯಿತು. ಅಲ್ಲಿಯ ಜಮೀನಿನ ಬೆಲೆ ಏರಿತು. ರಿಜಿಸ್ಟ್ರಿ ಮಾಡಿಕೊಡಲು ಮಹೇಶ ಇವತ್ತು ನಾಳೆ ಎಂದ, ಆಮೇಲೆ ಫೋನೇ ಎತ್ತದಾದ. ನಾನು ಮನೆಗೇ ಹೋಗಿ ಬೈದೆ. "ಭಾವ, ಅಕ್ಕನ ಮುಖ ನೋಡಿ ಸುಮ್ನಿದೀನಿ" ಎಂದು ನನಗೇ ತಿರುಗಿಬಿದ್ದ. ನಾನು ಬಾಯಿ ಮುಚ್ಚಿಕೊಂಡು ಬಂದೆ, ಭಂತೇಜಿಗೆ "ಸ್ವಲ್ಪ ತಡ ಆಗುತ್ತೆ" ಎಂದೆ. ಅವರು ನಂಬಿದರು.

ಬುದ್ಧ ಪೂರ್ಣಿಮೆಗೆ ಗುದ್ದಲಿ ಪೂಜೆ ಎಂದು ಎಲ್ಲರಿಗೂ ಹೇಳಿಯಾಗಿತ್ತು. ಅದಕ್ಕೆ ಒಂಬತ್ತು ದಿನ ಮುಂಚೆ ಭಂತೇಜಿ ಮೌನ ಹಿಡಿದರು. ಹಿಡಿಯುವ ಮುಂಚೆ ನನ್ನನ್ನು ಕೂರಿಸಿಕೊಂಡು, "ಹುಣ್ಣಿಮೆ ತನಕ ನಾನು ಮಾತಾಡಲ್ಲ. ಯಾರು ಏನು ಕೇಳಿದರೂ ನನ್ನ ಮಾತು ನೀವೇ ಆಡಬೇಕು. ಬಾಗಿಲಿಗೆ ಒಂದು ಬೋರ್ಡು ತಗುಲಿಸಿ" ಎಂದರು. ಅವತ್ತು ಮಂಡಿಯಲ್ಲಿ ಎರಡು ಲಾರಿ ಲೋಡು. ಬೋರ್ಡು ಮರೆತೆ. ಮಾರನೆಯ ದಿನವೂ ಮರೆತೆ. ಆ ಒಂಬತ್ತು ದಿನ ಧ್ಯಾನಕ್ಕೆ ರಜೆ; ಅವರು ಮೌನದಲ್ಲಿದ್ದಾರೆಂದು ನನ್ನೊಬ್ಬನಿಗೇ ಗೊತ್ತಿತ್ತು.

ಅಷ್ಟರಲ್ಲಿ ಊರವರ ಮೊಬೈಲಿಗೆಲ್ಲ ಒಂದು ಮೆಸೇಜು ಬಂತು. ವಿಹಾರದ ಖಾತೆ ಖಾಲಿ, ಸನ್ಯಾಸಿ ದುಡ್ಡು ನುಂಗಿ ಹಾಸನದಲ್ಲಿ ಮನೆ ಕಟ್ಟಿಸುತ್ತಿದ್ದಾನೆ ಎಂದು. ಖಾತೆ ಖಾಲಿ ಎಂಬುದು ನಿಜ. ಮನೆ ಸುಳ್ಳು. ಜನಕ್ಕೆ ನಿಜವಾದ ಅರ್ಧ ಸಾಕಾಯಿತು.

ಹುಣ್ಣಿಮೆಗೆ ಮೂರು ದಿನ ಇತ್ತು. ಭಾನುವಾರ ಬೆಳಿಗ್ಗೆ ಊಟದ ಕ್ಯಾರಿಯರ್ ಹಿಡಿದು ಹೋದರೆ ಶೆಡ್ಡಿನ ಮುಂದೆ ಜಾತ್ರೆಯಷ್ಟು ಜನ. ದುಡ್ಡು ಕೊಟ್ಟವರು ಕಾಲು ಭಾಗ. ಮಿಕ್ಕವರು ಒಂದು ರೂಪಾಯಿ ಬಿಚ್ಚದವರು. ಮುಂದೆ ನಿಂತು ಎದೆ ಬಡಿದುಕೊಳ್ಳುತ್ತಿದ್ದವರೂ ಅವರೇ. ಬಾಗಿಲು ಒದ್ದು ತೆಗೆದು ಭಂತೇಜಿಯನ್ನು ಅಂಗಳಕ್ಕೆ ಎಳೆದಿದ್ದರು. ಅವರು ಕೈ ಕಟ್ಟಿ ನಿಂತಿದ್ದರು.

"ಯಜಮಾನ್ರೇ, ನಿಮ್ ಮಾತ್ ನಂಬಿ ಕೊಟ್ಟಿದ್ದು. ಎಲ್ಲಿ ದುಡ್ಡು?" — ಒಬ್ಬ ನನ್ನ ಹೆಗಲಿಗೇ ಕೈ ಹಾಕಿದ. ಇನ್ನೊಬ್ಬ, "ಇವನ್ನೂ ಇಡ್ಕಳ್ರಲಾ, ಇಬ್ರೂ ಸೇರ್ಕಂಡವ್ರೆ!" ಎಂದ. ನಾನು ಕ್ಯಾರಿಯರನ್ನು ಎದೆಗವಚಿಕೊಂಡು ಹಿಂದೆ ಸರಿದೆ.

ಲಕ್ಷ್ಮಮ್ಮ ಮುಂದೆ ಬಂದಳು. ಓಲೆಯಿಲ್ಲದ ಕಿವಿಯಲ್ಲಿ ಕಡ್ಡಿ ಸಿಕ್ಕಿಸಿಕೊಂಡಿದ್ದಳು. ಅಳುತ್ತಾ ಹೇಳಿದಳು, "ಭಂತೇಜಿ, ನೀವ್ ತಿಂದಿಲ್ಲ ಅಂತ ಒಂದೇ ಒಂದ್ ಮಾತ್ ಏಳ್ಬುಡಿ. ಸಾಕು. ನಾವೆಲ್ಲಾ ಮನೆಗ್ ಓಯ್ತೀವಿ."

ಭಂತೇಜಿ ತಿರುಗಿ ನನ್ನನ್ನು ನೋಡಿದರು.

ಹೆದರಿದ ಕಣ್ಣಲ್ಲ ಅದು. ಈಗ ಹೇಳಿ ಯಜಮಾನ್ರೇ — ಅಷ್ಟೇ ಇದ್ದದ್ದು ಅದರಲ್ಲಿ. ನಾನು ಹೇಳಬೇಕಾದದ್ದು ಎರಡೇ ಮಾತು: ಅವರು ಮೌನದಲ್ಲಿದ್ದಾರೆ, ದುಡ್ಡು ನನ್ನ ಭಾವಮೈದನ ಹತ್ತಿರ ಇದೆ. ಎರಡನೆಯದು ಹೇಳಿದರೆ ಆ ಜನ ಎಲ್ಲಿಗೆ ನುಗ್ಗುತ್ತಿದ್ದರು? ಮಹೇಶನ ಮನೆಗೆ, ಅಲ್ಲಿಂದ ನನ್ನ ಮಂಡಿಗೆ. ಮೊದಲನೆಯದನ್ನಾದರೂ ಹೇಳಬಹುದಿತ್ತು — ಅಯ್ಯೋ, ಅದನ್ನಾದರೂ...

"ಸುಮ್ನವ್ರೆ ನೋಡ್ರಲಾ!" ಎಂದು ಕೂಗಿದೆ. "ಸುಮ್ನಿದ್ರೆ ಏನರ್ಥ ನಿಮಗೇ ಗೊತ್ತಲ್ಲ. ಒಪ್ಕೊಂಡ್ರು ಕಣ್ರಲಾ, ಒಪ್ಕೊಂಡ್ರು!"

ಅಲ್ಲಿದ್ದ ಅರ್ಧ ಜನಕ್ಕೆ ಆ ಪಾಠ ಹೇಳಿಕೊಟ್ಟಿದ್ದವನು ನಾನೇ. ಕೂಡಲೇ ಅರ್ಥವಾಯಿತು ಅವರಿಗೆ.

ಭಂತೇಜಿ ಬಾಯಿ ತೆರೆದರು. ವ್ರತ ಮುರಿದು ಏನೋ ಹೇಳಲು ಹೊರಟಿದ್ದರು, ನಾನು ನೋಡಿದೆ. ಅಷ್ಟರಲ್ಲಿ ತಿಮ್ಮೇಗೌಡ ಬೇಲಿಗೆ ಒರಗಿಸಿದ್ದ ಒಣಗಿದ ತೆಂಗಿನ ಮಟ್ಟೆ ಎತ್ತಿ ಬೀಸಿದ. ಅದರ ಬುಡ ಅವರ ಕೆನ್ನೆಗೆ ಬಡಿಯಿತು. ಚಟ್ಟೆಂದು ಸದ್ದಾಯಿತು. ಅವರು ಮಂಡಿಯೂರಿದರು. ಆಮೇಲೆ ಯಾರು ಯಾರು ಎಂದು ಹೇಳಲಾರೆ — ಚಪ್ಪಲಿ, ಬೆಲ್ಟು, ಸೌದೆ. ಚೀವರ ಕಿತ್ತು ಅದನ್ನೇ ಕುತ್ತಿಗೆಗೆ ಸುತ್ತಿ ರಸ್ತೆಯವರೆಗೆ ಎಳೆದರು. ಭಿಕ್ಷಾಪಾತ್ರೆಯನ್ನು ಕಲ್ಲಿನ ಮೇಲೆ ಕುಟ್ಟಿ ಕುಟ್ಟಿ ಚಪ್ಪಟೆ ಮಾಡಿದರು. ಶೆಡ್ಡಿನೊಳಗೆ ಪುಸ್ತಕಕ್ಕೆ ಬೆಂಕಿ ಬಿತ್ತು. ಬಾಯಿಂದ ರಕ್ತ ಸುರಿಯುತ್ತಿದ್ದರೂ ಅವರು ಕೈ ಮುಗಿಯುತ್ತಿದ್ದರು, ಆ ಕೈಗಳ ಮೇಲೂ ಒದ್ದರು. ಮೊಬೈಲು ಹಿಡಿದಿದ್ದ ಒಬ್ಬ ಹುಡುಗ, "ಇನ್ನೊಂದ್ ಬಿಡಣ್ಣ, ಸರಿಯಾಗ್ ಬಂದಿಲ್ಲ" ಎಂದ. ಇನ್ನೊಂದು ಬಿಟ್ಟರು. ಲಕ್ಷ್ಮಮ್ಮ ಒಬ್ಬಳೇ ಅಡ್ಡ ಬಿದ್ದು, "ಬೇಡ ಕಣ್ರಪ್ಪೋ, ಸತ್ತೋಯ್ತಾರೆ!" ಎಂದು ಕಿರುಚುತ್ತಿದ್ದಳು. ಅವಳ ಬೆನ್ನಿಗೂ ಎರಡು ಬಿದ್ದವು.

ನಾನು ಕ್ಯಾರಿಯರ್ ಹಿಡಿದುಕೊಂಡೇ ನಿಂತಿದ್ದೆ. ಒಂದು ಸಲ ವಾಚು ನೋಡಿಕೊಂಡೆ. ಹತ್ತು ಗಂಟೆಗೆ ಲಾರಿ ಬರುವುದಿತ್ತು. ಇದನ್ನು ಬರೆಯುವಾಗ ನನ್ನ ಕೈ ಕತ್ತರಿಸಿಕೊಳ್ಳಬೇಕೆನಿಸುತ್ತದೆ.

ಇನ್ನೊಂದು ಮಾತೂ ಇದೆ. ನಮ್ಮ ಮಠದ ಸ್ವಾಮಿಗಳ ಮೇಲೆ ಇಂಥದೇ ದೂರು ಬಂದಿದ್ದರೆ ನಾವು ಚಪ್ಪಲಿ ಬಿಚ್ಚುತ್ತಿದ್ದೆವಾ? ಸಭೆ ಕರೆಯುತ್ತಿದ್ದೆವು, ಶಾಲು ಹೊದ್ದು ಹೋಗಿ ಬಾಗಿಲಲ್ಲಿ ಕಾಯುತ್ತಿದ್ದೆವು. ಇವರು ಕಾಲೋನಿಯವರ ಗುರು ಎಂಬುದು ಆ ದಿನ ಎದ್ದ ಪ್ರತಿ ಕೈಗೂ ಗೊತ್ತಿತ್ತು. ನನಗೂ ಗೊತ್ತಿತ್ತು. ನಾನು ಕೂಗಿದ್ದರಲ್ಲಿ ಆ ಧೈರ್ಯವೂ ಸೇರಿತ್ತು.

ಪೊಲೀಸರು ಬಂದರು, ಭಂತೇಜಿಯನ್ನು ಹಾಸನದ ಆಸ್ಪತ್ರೆಗೆ ಸಾಗಿಸಿದರು. ಹುಣ್ಣಿಮೆ ಬಂತು, ಮೌನ ಮುಗಿಯಿತು. ಆ ಹೊತ್ತಿಗೆ ಅವರ ದವಡೆಗೆ ತಂತಿ ಕಟ್ಟಿದ್ದರು. ಆಮೇಲೆ ಕೈಬರಹದಲ್ಲಿ ಪೊಲೀಸರಿಗೆ ಬರೆದುಕೊಟ್ಟರು, ಹಣ ಯಜಮಾನರ ಮೂಲಕ ಮಹೇಶನಿಗೆ ಹೋಗಿದೆ ಎಂದು. ಪೊಲೀಸರು ನನ್ನನ್ನು ಕರೆಸಿ ಕೇಳಿದರು. ನಾನು ಕುರ್ಚಿಯಲ್ಲಿ ಕೂತು, ಕಾಫಿ ಕುಡಿದು, "ಇಲ್ಲ ಸಾ, ನನಗೇನೂ ಕೊಟ್ಟಿಲ್ಲ. ನನ್ನ ಮುಂದೆ ಒಪ್ಕೊಂಡ್ರು" ಎಂದು ಹೇಳಿಕೆ ಕೊಟ್ಟೆ. ಒಂದು ಸಲ ಭಯಕ್ಕೆ ಕೂಗಿದೆ ಎನ್ನಬಹುದು. ಎರಡನೆಯ ಸಲ ಯಾರೂ ನನ್ನ ಹೆಗಲಿಗೆ ಕೈ ಹಾಕಿರಲಿಲ್ಲ.

ಭಂತೇಜಿಯ ಮೇಲೆ ವಂಚನೆಯ ಕೇಸಾಯಿತು; ಹೊಡೆದವರ ಮೇಲೆ ಯಾವ ಕೇಸೂ ಆಗಲಿಲ್ಲ. ಜಾಮೀನಿನ ಮೇಲೆ ಅರಕಲಗೂಡಿನಲ್ಲಿ ತಂಗಿಯ ಮನೆಯಲ್ಲಿದ್ದಾರೆ. ಗಂಜಿ ಬಿಟ್ಟು ಬೇರೇನೂ ನುಂಗಲಾಗುವುದಿಲ್ಲವಂತೆ. ನೋಡಬೇಕೆಂದು ಒಮ್ಮೆ ಬಸ್ಸು ಹತ್ತಿ, ಹೊಳೆನರಸೀಪುರದಲ್ಲಿ ಇಳಿದು, ಟೀ ಕುಡಿದು ವಾಪಸು ಬಂದೆ.

ಹೋದ ವಾರ ಕೋರ್ಟಿನಿಂದ ಸಮನ್ಸ್ ಬಂತು. ಮೊದಲನೇ ಸಾಕ್ಷಿ ನಾನೇ. ಹೇಳಿಕೆಯಲ್ಲಿ ಇದ್ದದ್ದನ್ನೇ ಹೇಳಿದರೆ ಅವರು ಜೈಲಿಗೆ ಹೋಗುತ್ತಾರೆ. ಮಹೇಶ ಫೋನು ಮಾಡಿ, "ಭಾವ, ಅದನ್ನೇ ಏಳ್ಬುಟ್ಟು ಬಂದ್ಬುಡಿ" ಎಂದ. ನಮ್ಮನೆಯವಳು ಪಕ್ಕದಲ್ಲೇ ಇದ್ದಳು. ಅವಳಿಗೆ ಅವತ್ತೇ ಎಲ್ಲವನ್ನೂ ಹೇಳಿದೆ. "ಮೂರು ವರ್ಷ ನನ್ನ ಕೈಲಿ ಅನ್ನ ಬಡಿಸ್ಕೊಂಡ್ರಲ್ರೀ" ಎಂದಳು. ತಮ್ಮನ ಹೆಸರು ಎತ್ತಲೇ ಇಲ್ಲ.

ಮಾರನೆಯ ಮಧ್ಯಾಹ್ನ ಮಂಡಿಯಲ್ಲಿ ತಿಮ್ಮೇಗೌಡನಿಗೂ ಹೇಳಿದೆ. ಕಳ್ಳಸ್ವಾಮಿಗೆ ಮೊದಲ ಏಟು ಕೊಟ್ಟವನು ಎಂದು ಟೀ ಅಂಗಡಿಯಲ್ಲಿ ಅವನಿಗೊಂದು ಹೆಸರಿತ್ತು; ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದ. ನಾನು ಎಲ್ಲವನ್ನೂ ಹೇಳಿದೆ, ಬ್ಯಾಂಕು, ಚೀಲ, ಮಹೇಶ, ಮೌನ. ಅವನು ನಗಾಡಿದ, ತಮಾಷೆ ಎಂದುಕೊಂಡು. ಆಮೇಲೆ ನಗು ನಿಂತಿತು.

"ಅಂಗಾರೆ ನಾನ್ ಒಡ್ದಿದ್ದು ಯಾರ್ಗೆ ಯಜಮಾನ್ರೇ?"

ನಾನು ಗಲ್ಲಾಪೆಟ್ಟಿಗೆಯ ಕಡೆ ಮುಖ ತಿರುಗಿಸಿದೆ.

"ಯಾರ್ಗ್ ಒಡ್ದೆ ನಾನು? ಬೊಗಳಲಾ!" — ಇಪ್ಪತ್ತು ವರ್ಷ ಯಜಮಾನ್ರೇ ಎಂದ ಬಾಯದು. ಕೊರಳಪಟ್ಟಿ ಹಿಡಿದು ಕಾಯಿ ರಾಶಿಯ ಮೇಲೆ ಕೆಡವಿದ. ಎದೆಗೆ, ಮುಖಕ್ಕೆ, ಬಾಯಿಗೆ ಗುದ್ದಿದ. ಹಲ್ಲು ಸಡಿಲಾಗಿ ರಕ್ತ ಗಂಟಲಿಗಿಳಿಯಿತು. ಆಳುಗಳು ಓಡಿ ಬಂದರು. "ಬಿಡ್ರೋ, ಹೊಡೀಲಿ" ಎಂದೆ. ಅವನ ಕೈ ಸೋಲುವವರೆಗೂ ಹೊಡೆದ. ಆಮೇಲೆ ಅಲ್ಲೇ ಕುಸಿದು, ಹೊಡೆದ ಕೈಯನ್ನು ತೊಡೆಯ ಮಧ್ಯೆ ಅದುಮಿಕೊಂಡು, ಎಲ್ಲರೆದುರು ಗೊಳೋ ಎಂದು ಅತ್ತ. ನಾನು ಸಮಾಧಾನ ಮಾಡಲು ಹೋಗಲಿಲ್ಲ. ಆ ಹಕ್ಕು ನನಗಿಲ್ಲ.

ಎರಡು ದಿನ ಅವನು ಕೆಲಸಕ್ಕೆ ಬರಲಿಲ್ಲ. ನಿನ್ನೆ ಬಂದ. ನನ್ನ ಊದಿದ ಮುಖವನ್ನು ನೋಡದೆ, ಬಾಗಿಲಲ್ಲೇ ನಿಂತು, "ಮಟ್ಟೆ ಬೀಸಿದ್ದು ನಾನೇ ಅಂತ ನಾನೂ ಏಳ್ತೀನಿ. ಕೇಸ್ ಆಗ್ಲಿ" ಎಂದ. ಅವನಿಗೆ ಮದುವೆಗೆ ಬಂದ ಮಗಳಿದ್ದಾಳೆ. ಬೇಡ ಕಣೋ ಎಂದು ಹೇಳಲು ಬಾಯಿ ತೆರೆದವನು ನಿಲ್ಲಿಸಿಕೊಂಡೆ. ಅವನ ಬದಲು ಮಾತಾಡಲು ನಾನು ಯಾರು?

ಮಂಗಳವಾರ ಹತ್ತೂವರೆಗೆ ಕೋರ್ಟು. ಟೆಂಪೋದಲ್ಲಿ ಇಬ್ಬರೂ ಹೋಗುತ್ತೇವೆ. ಕಟಕಟೆ ಹತ್ತಿ ಹಣ ಎಲ್ಲಿದೆ ಎಂದು ಹೇಳುತ್ತೇನೆ, ಕೂಗಿದ್ದು ಯಾಕೆ ಎಂದೂ ಹೇಳುತ್ತೇನೆ. ಭಂತೇಜಿ ಎದುರಿಗೆ ಕೂತಿರುತ್ತಾರೆ. ಅವರ ಮುಖ ನೋಡಿಯೇ ಹೇಳಬೇಕು.