ಮೂಲೆಯಿಲ್ಲದ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದವರು ಅಲ್ಲಿಗೇ ಬಾಯಿ ಮುಚ್ಚಿಕೊಂಡರು. ಕಟ್ಟಿದ ಮನೆಯಲ್ಲಿ ಬಾಳಿ ನೋಡು ಎಂಬ ಮೂರನೆಯ ಮಾತನ್ನೂ ಸೇರಿಸಬೇಕಿತ್ತು. ಸೇರಿಸಲಿಲ್ಲ, ಆ ಗಾದೆ ಮಾಡಿದವರು ಗಂಡಸರೇ ಇರಬೇಕು. ಕುವೆಂಪುನಗರದ ಮಂಜುಳಮ್ಮನವರನ್ನು ಕೇಳಿದ್ದರೆ ಹೇಳಿಕೊಡುತ್ತಿದ್ದರು. ಆದರೆ ಅವರನ್ನು ಯಾರು ಕೇಳುತ್ತಾರೆ? ಶಂಖದ ಮನೆಯ ಗೇಟಿಗೆ ಬಂದವರೆಲ್ಲ ಕೇಳುವುದು, "ಯಜಮಾನ್ರು ಇದಾರಾ?" ಅಂತಲೇ.

ಹೌದು, ಶಂಖದ ಮನೆ. ಬುಡದಲ್ಲಿ ಉಬ್ಬಿ, ಸುತ್ತಿ ಸುತ್ತಿ ಮೇಲೇರಿ, ತುದಿಯಲ್ಲಿ ಚೂಪಾಗುವ ಬಿಳಿ ಕಟ್ಟಡ. ಆಟೋದವರಿಗೆ ಅದೊಂದು ಗುರುತು. ಸ್ಕೂಟರ್ ನಿಲ್ಲಿಸಿ ಫೋಟೋ ಹಿಡಿಯುವವರು, ಆರ್ಕಿಟೆಕ್ಚರ್ ಓದುವ ಮಕ್ಕಳು, ದಸರೆಗೆ ಬಂದು ಅರಮನೆ ಆಯಿತು ಇನ್ನೇನಿದೆ ಎಂದು ಹುಡುಕಿಕೊಂಡು ಬರುವ ಪರಊರಿನವರು, ಎಲ್ಲರಿಗೂ ಅದು ಬೇಕು. ಕಟ್ಟಿಸಿದವರು ಮಂಜುಳಮ್ಮನ ಗಂಡ ರುದ್ರಸ್ವಾಮಿ. ಕಡಕೊಳದ ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದವರು. ದಿನವಿಡೀ ನೇರ ಗೆರೆ ಎಳೆದೂ ಎಳೆದೂ ನೇರ ಗೆರೆ ಕಂಡರೇ ಅವರಿಗೆ ಆಗುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ, ನಮ್ಮ ಮನೆಗೆ ಒಂದೂ ನೆಟ್ಟನೆ ಗೋಡೆ ಇರಕೂಡದು ಎಂದು ಹಟ ಹಿಡಿದರು, ಸಾಧಿಸಿಯೂಬಿಟ್ಟರು. ಕೆಟ್ಟ ಮನುಷ್ಯರೇನಲ್ಲ, ಪಾಪ. ಬಂದವರಿಗೆ ಮನೆಯೆಲ್ಲ ತೋರಿಸಿ, ಕಾಫಿ ಕುಡಿಸಿಯೇ ಕಳಿಸುತ್ತಾರೆ. ಕಾಫಿ ಮಾಡುವವರು ಯಾರು ಅಂತ ಬೇರೆ ಹೇಳಬೇಕೆ? ಊರಿಗೆ ಉಪಕಾರಿ, ಮನೆಗೆ ಮಾರಿ.

ಮಂಜುಳಮ್ಮನಿಗೆ ಸಾಕಾಗಿತ್ತು. ಅಡುಗೆಮನೆ ಕೆಳಗೆ, ಮಲಗುವುದು ಮಧ್ಯದಲ್ಲಿ, ದೇವರು ಶಂಖದ ತುದಿಯಲ್ಲಿ. ಹೂವಿನ ಬುಟ್ಟಿ ಹಿಡಿದು ಹತ್ತುವಷ್ಟರಲ್ಲಿ ಮಂಡಿ ಎರಡೂ ಕಿರುಗುಟ್ಟುತ್ತಿದ್ದವು. ಈಚೆಗೆ ವಿದ್ಯಾರಣ್ಯಪುರಂನಲ್ಲಿ ತಂಗಿ ರಮಾಮಣಿಯ ಪಕ್ಕದ ಮನೆ ಖಾಲಿಯಾಗಿ ಮಾರಾಟಕ್ಕಿತ್ತು. ಒಂದು ಹಾಲು, ಎರಡು ರೂಮು, ಒಂದು ಮೆಟ್ಟಿಲೂ ಇಲ್ಲ. ಹೇಳಿಕೊಳ್ಳುವಂಥದ್ದೇನೂ ಇಲ್ಲದ ಮನೆ. ನೋಡಲು ಹೋದ ಮಂಜುಳಮ್ಮ ಅಲ್ಲಿನ ಗೋಡೆಗೆ ಬೆನ್ನು ಕೊಟ್ಟು ಕೂತವರು ಏಳಲೇ ಇಲ್ಲ. ಈ ತಿಂಗಳ ಕೊನೆಯವರೆಗೆ ಕಾಯುತ್ತೇನೆ ಎಂದಿದ್ದರು ಆ ಮನೆಯವರು.

ಮೆಟ್ಟಿಲಲ್ಲಿ ಒಮ್ಮೆ ಜಾರಿ ಬಿದ್ದ ಮೇಲೆ ರುದ್ರಸ್ವಾಮಿಯೂ ಮಾರುವುದಕ್ಕೆ ಹೂಂ ಅಂದಿದ್ದರು. "ಆದ್ರೆ ಒಡೆಯಲ್ಲ ಅನ್ನೋರಿಗೆ ಮಾತ್ರ" ಎಂದು ಬೇರೆ ಹೇಳಿದರು. ಬಂದವರು ಯಾರೂ ಮನೆ ನೋಡಲಿಲ್ಲ, ಸೈಟು ನೋಡಿದರು. ದೊರೆಸ್ವಾಮಿ ಎಂಬ ಬಿಲ್ಡರು ಅಂಗಳದಲ್ಲೇ ನಿಂತು, "ಇದನ್ನ ಕೆಡವೋ ಖರ್ಚು ನಮ್ದೇ ಬುಡಿ ಸಾ" ಅಂದ. ರುದ್ರಸ್ವಾಮಿ ಅವನಿಗೆ ನೀರೂ ಕೊಡದೆ ಗೇಟು ತೋರಿಸಿದರು.

ಕೊನೆಗೊಂದು ಭಾನುವಾರ ಸುದರ್ಶನ ಎಂಬ ಹಲ್ಲಿನ ಡಾಕ್ಟರು ಹೆಂಡತಿ ತನ್ಮಯಿಯ ಜೊತೆ ಬಂದ. ಅವನಿಗೆ ಬೇಕಾಗಿದ್ದು ಮನೆಯೇ. ಅಂಗಳದಲ್ಲಿ ಕತ್ತೆತ್ತಿ ನೋಡಿದವನು ಹಾಗೇ ಮರುಳಾಗಿಬಿಟ್ಟ. ಇದರ ಒಂದು ಇಟ್ಟಿಗೆಯನ್ನೂ ಅಲುಗಿಸುವುದಿಲ್ಲ ಸಾರ್ ಎಂದ. ರುದ್ರಸ್ವಾಮಿಯ ಮುಖ ಊರಗಲವಾಯಿತು. ಸೊಂಟದ ನೋವು ಮರೆತು ಅವನನ್ನು ಮೇಲೆ ಕರೆದುಕೊಂಡು ಹೋದರು. ಮಂಜುಳಮ್ಮ ಅಂತೂ ಮುಗಿಯಿತಲ್ಲ ಎಂದುಕೊಂಡು ಹಾಲು ಕಾಯಲು ಇಟ್ಟರು.

ತನ್ಮಯಿ ಮೇಲೆ ಹೋಗಲಿಲ್ಲ. ಅಡುಗೆಮನೆಯ ಗೋಡೆಯ ಮೇಲೆ ಕೈಯಾಡಿಸುತ್ತ ಒಂದು ಸುತ್ತು ಬಂದಳು. ಅಂಗೈಯ ಮದರಂಗಿ ಇನ್ನೂ ಪೂರ್ತಿ ಮಾಸಿರಲಿಲ್ಲ. "ಆಂಟಿ, ಬೇಜಾರಿಲ್ಲ ಅಂದ್ರೆ ಒಂದು ಕೇಳ್ಲಾ? ಇಲ್ಲಿ ಇರೋದು ಹೆಂಗಿರುತ್ತೆ?"

ಚೆನ್ನಾಗಿರುತ್ತೆ ಅಂದಿದ್ದರೆ ಆಗಿಹೋಗುತ್ತಿತ್ತು. ವಿದ್ಯಾರಣ್ಯಪುರಂನ ಬೀಗದ ಕೈ ಸಂಜೆಗೆ ಸೆರಗಿನ ಗಂಟಿನಲ್ಲಿರುತ್ತಿತ್ತು. ನೀವಾಗಿದ್ದರೆ ಏನನ್ನುತ್ತಿದ್ದಿರಿ? ಮಂಜುಳಮ್ಮ ಬಾಯಿ ತೆರೆದದ್ದೂ ಆ ಮಾತಿಗೇ. ಆದರೆ ಮೇಲಿನಿಂದ ಸುದರ್ಶನನ ನಗು ಕೇಳಿತು, ಮನೆ ಹಿಡಿಸಿದ ಗಂಡಸಿನ ನಗು. ಮದುವೆಯ ಹೊಸತರಲ್ಲಿ ಗಂಡನ ಅಂಥದೇ ನಗೆಗೆ ತಲೆಯಾಡಿಸಿಯೇ ತಾನು ಇಲ್ಲಿಗೆ ಬಂದದ್ದು ಎಂದು ಅವರಿಗೆ ಗೊತ್ತಿತ್ತು.

"ಇಲ್ಲಿ ಆಡಿದ್ ಮಾತು ಮೇಲಕ್ಕೆ ಕೇಳ್ತದೆ. ಕೇಳ್ಲಿ ಬುಡು," ಎಂದರು. "ನೋಡಮ್ಮ, ಬೀರು ಗೋಡೆಗೆ ಅಂಟಿ ಕೂರಲ್ಲ. ಮಂಚದ ಹಿಂದೆ ಸಂದು, ಅದ್ರಾಗೆ ಬಿದ್ದಿದ್ದು ಕೈಗೆ ಸಿಕ್ಕಲ್ಲ. ಪೊರಕೆ ಒರಗಿಸಕ್ಕೆ ಒಂದು ಮೂಲೆ ಇಲ್ಲ. ಅದೆಲ್ಲ ಹೆಂಗೋ ಸುಧಾರಿಸ್ಕೋಬೋದು. ಆದ್ರೆ ಹೆಂಗಸಿಗೆ ಮನೇಲಿ ಒಂದು ಮೂಲೆ ಬೇಕು ಕಣಮ್ಮ. ಮುನಿಸ್ಕಂಡು ಕೂರಕ್ಕೆ, ಒಂದ್ ಗಳಿಗೆ ಅಳಕ್ಕೆ. ಇಲ್ಲಿ ಎಲ್ಲಿ ಕೂತ್ರೂ ನಡುಮನೇಲಿ ಕೂತಂಗೆ."

ಹಾಲು ಉಕ್ಕಿತು. ಇಬ್ಬರೂ ಒಲೆ ಒರೆಸಿದರು.

ಹೊರಡುವಾಗ ತನ್ಮಯಿ ಮಂಜುಳಮ್ಮನ ಕೈ ಹಿಡಿದು ಸ್ವಲ್ಪ ಹೊತ್ತು ಬಿಡಲೇ ಇಲ್ಲ. ಸಂಜೆ ಸುದರ್ಶನನ ಫೋನು ಬಂತು. ಬೇಡ ಸಾರ್, ಮನೆಯವರು ಒಪ್ಪುತ್ತಿಲ್ಲ ಎಂದ. ಮಂಜುಳಮ್ಮ ಅಡುಗೆಮನೆಯಲ್ಲಿ ನಿಂತು ತಮ್ಮ ನಾಲಿಗೆಗೇ ಶಾಪ ಹಾಕಿಕೊಂಡರು. ಬಂದ ಭಾಗ್ಯವನ್ನು ಕಾಲಿನಿಂದ ಒದ್ದಂತಾಯಿತಲ್ಲ, ಆ ಹುಡುಗಿ ನನಗೇನಾಗಬೇಕಿತ್ತು ಎಂದು ಹಲುಬಿದರು.

ರುದ್ರಸ್ವಾಮಿ ಫೋನು ಕೆಳಗಿಟ್ಟು ಕೊನೆಯ ಮೆಟ್ಟಿಲ ಮೇಲೆ ಕೂತರು.

"ನೀನು ಹೇಳಿದ್ದೆಲ್ಲ ಕೇಳಿಸ್ತು."

"ಗೊತ್ತು. ಬೈಯೋದಿದ್ರೆ ಬೈದ್ಬುಡಿ. ಆಮೇಲೆ ಊಟಕ್ಕಿಡ್ತೀನಿ."

ಅವರು ಬೈಯಲಿಲ್ಲ. "ಹಂಗಾದ್ರೆ ಇಷ್ಟು ವರ್ಷ ಎಲ್ಲಿ ಅಳ್ತಿದ್ದೆ?" ಎಂದು ಕೇಳಿದರು.

"ಬಚ್ಚಲಲ್ಲಿ. ನಲ್ಲಿ ಬುಟ್ಕಂಡು."

ಕಾವೇರಿ ನೀರನ್ನ ಹಿಂಗೆ ಸುಮ್ಸುಮ್ನೆ ಹರಿಸ್ತೀಯಲ್ಲ, ಬುದ್ಧಿ ಇಲ್ವಾ ಎಂದು ಬಚ್ಚಲ ಬಾಗಿಲು ಬಡಿದು ಎಷ್ಟು ಸಲ ಕೂಗಾಡಿದ್ದರೋ ರುದ್ರಸ್ವಾಮಿಗೇ ಲೆಕ್ಕವಿರಲಿಲ್ಲ. ಒಳಗಿನಿಂದ ಒಮ್ಮೆಯೂ ಉತ್ತರ ಬಂದದ್ದಿಲ್ಲ.

"ಆ ದೊರೆಸ್ವಾಮಿ ನಂಬರು ಮಡಗಿದೀಯಾ?"

"ಇದೆ."

"ಫೋನ್ ಮಾಡು. ಕೆಡವ್ಕೊಳ್ಲಿ ಅನ್ನು."

ಮಂಜುಳಮ್ಮನಿಗೆ ಸಂತೋಷವಾಗಬೇಕಿತ್ತು. ಸಂತೋಷಪಡುವುದಕ್ಕೂ ಒಂದು ತ್ರಾಣ ಬೇಕಲ್ಲ, ಅದು ಅವರಲ್ಲಿ ಉಳಿದಿರಲಿಲ್ಲ. ಗಂಡನ ಕಡೆ ನೋಡಿದರು. ರುದ್ರಸ್ವಾಮಿ ಆ ಡೊಂಕು ಗೋಡೆಗೆ ಹಣೆ ಒತ್ತಿಕೊಂಡಿದ್ದರು, ಭುಜ ಅಲುಗುತ್ತಿತ್ತು. ಬಾಯಿಗೆ ಪಂಚೆಯ ತುದಿ ಒತ್ತಿದ್ದರೂ ಅಳು ಸುತ್ತಿ ಸುತ್ತಿ ಮನೆಯೆಲ್ಲ ಕೇಳುತ್ತಿತ್ತು.

ಮಂಜುಳಮ್ಮ ಮಂಡಿ ಹಿಡಿದುಕೊಂಡು ನಿಧಾನಕ್ಕೆ ಹೋಗಿ, ಬಚ್ಚಲ ನಲ್ಲಿ ಬಿಟ್ಟು ಬಂದರು.