ನಾನು ಅಳಿಸಿದ ಬಾಲ

ದೆವ್ವ, ಮಾಟ ಎಂದವರನ್ನು ಎದುರಿಗೇ ನಕ್ಕು ಕಳಿಸುತ್ತಿದ್ದವನು ನಾನು. ಕಣ್ಣಿಗೆ ಕಾಣದ ಮಾಲಿಗೆ ಬೆಲೆ ಕಟ್ಟುವ ಆಸಾಮಿಯಲ್ಲ. ಆದರೆ ಈ ಒಂದು ಸಂಗತಿಗೆ ಇವತ್ತಿಗೂ ನನ್ನಲ್ಲಿ ಜವಾಬಿಲ್ಲ.

ಬಿಡದಿಯಲ್ಲಿ ಕಾರ್ಖಾನೆಗಳು ಏಳುತ್ತಿದ್ದ ಕಾಲ. ರಾಮನಗರದಲ್ಲಿ ಮದುವೆ ವಿಡಿಯೊ ತೆಗೆಯುತ್ತಿದ್ದ ನಾನು ಬೆಂಗಳೂರಿನಲ್ಲಿ ನಾಲ್ಕು ಅಂಗಡಿ ಸುತ್ತಿ, ಚೌಕಾಸಿ ಮಾಡಿ ಒಂದು ಕಂಪ್ಯೂಟರ್ ತಂದು ತ್ರೀಡಿ ಸಾಫ್ಟ್‌ವೇರ್ ಕಲಿತೆ. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುತ್ತಿದ್ದ, ನನ್ನದೇ ವಯಸ್ಸಾದರೂ ನನ್ನನ್ನು ಅಣ್ಣಾ ಎನ್ನುವ ಸಿದ್ದರಾಜುವನ್ನು ಪಾಲಿಗೆ ಸೇರಿಸಿಕೊಂಡು ಅವನಿಗೂ ಕಲಿಸಿದೆ. ತಪ್ಪಾಗಿದ್ದೇ ಅಲ್ಲಿ. ಬೊಂಬೆ ಕಡೆಯುವ ಲೇತ್ ಯಂತ್ರದಂಥದ್ದೇ ಒಂದು ಸಾಫ್ಟ್‌ವೇರಿನಲ್ಲೂ ಇದೆ. ಅರ್ಧ ಗೆರೆ ಎಳೆದರೆ ಅದು ಸುತ್ತು ತಿರುಗಿ ಆಕಾರವಾಗುತ್ತದೆ. ನಾನು ಹತ್ತು ಸಲ ತಿದ್ದುವ ಗೆರೆಯನ್ನು ಅವನು ಒಂದೇ ಸಲಕ್ಕೆ ಎಳೆದುಬಿಡುತ್ತಿದ್ದ. ಪಕ್ಕದಲ್ಲಿ ಕೂತು ನೋಡುವಾಗ ನನ್ನ ಹೊಟ್ಟೆಯಲ್ಲಿ ಕೆಂಡ.

ಕೇಬಲ್ ಟಿವಿಯ ಕೆಂಪಣ್ಣನವರಿಗೆ ತಮ್ಮ ಚಾನೆಲ್ಲಿನ ಹೆಸರಿನ ಮುಂದೆ ಧೂಮಕೇತು ಹಾರಬೇಕಿತ್ತು. "ಇಬ್ರೂ ಒಂದೊಂದ್ ಮಾಡಿ. ಯಾರ್ದು ಚೆಂದಾಗೈತೋ ಮುಂದಿನ್ ಕೆಲ್ಸ ಎಲ್ಲಾ ಅವ್ರಿಗೇ" ಎಂದರು. ಸಿದ್ದರಾಜುವಿನದು ಅರ್ಧ ಆಗುವಷ್ಟರಲ್ಲೇ ನಾನು ಸೋತೆನೆಂದು ಗೊತ್ತಾಯಿತು. ಗೆದ್ದರೆ ಅವನು ಸ್ವಂತ ಅಂಗಡಿ ಹಾಕುವುದೂ ಖಂಡಿತ.

ಕೆಂಪಣ್ಣ ನೋಡಲು ಬರುವ ದಿನ, ಕೆಲಸ ಮುಗಿಸಿ ಮಧ್ಯಾಹ್ನ ಅವನು ಊಟಕ್ಕೆ ಹೋದ. ಅವನ ಫೈಲು ತೆರೆದು ಧೂಮಕೇತುವಿನ ಬಾಲವನ್ನು ಅಳಿಸಿ, ಅದರ ಮೇಲೇ ಸೇವ್ ಮಾಡಿ, ಚಿತ್ರಗಳು ಒಂದೊಂದಾಗಿ ತಯಾರಾಗಲೆಂದು ರೆಂಡರಿಗೆ ಹಾಕಿದೆ. ಬೇರೆ ಪ್ರತಿ ಇರಲಿಲ್ಲ. ಸಂಜೆಯವರೆಗೂ ಕುರ್ಚಿ ಬಿಟ್ಟು ಏಳಲೂ ಇಲ್ಲ.

ಕೆಂಪಣ್ಣ ಬಂದರು. ಮೊದಲು ನನ್ನದು ನೋಡಿ, "ಬುಗುರಿ ಎಸ್ದಂಗೈತಲ್ಲಯ್ಯಾ" ಎಂದು ನಕ್ಕರು. ಆಮೇಲೆ ಸಿದ್ದರಾಜುವಿನದು. ಬೋಳು ಗುಂಡೊಂದು ಉರುಳಿ ಬರುವುದನ್ನು ನಾನು ಕಾಯುತ್ತಿದ್ದೆ.

ಬಾಲ ಇತ್ತು. ಅವನು ಮಾಡಿದ್ದ ನೆಟ್ಟನೆಯ ಬಾಲವಲ್ಲ. ಮೆಲ್ಲಗೆ ಬಾಗಿ, ತುದಿಯಲ್ಲಿ ರೇಷ್ಮೆಯ ಎಳೆಯಂತೆ ಬಿಡಿಬಿಡಿಯಾಗಿ, ಧೂಮಕೇತು ತಿರುಗಿದಾಗೆಲ್ಲ ಚಿತ್ರದ ಮೂಲೆಯಲ್ಲಿದ್ದ ಸೂರ್ಯನಿಗೆ ಬೆನ್ನು ಮಾಡಿ ತಾನೂ ತಿರುಗುತ್ತಿತ್ತು.

"ಏನ್ಲಾ ಸಿದ್ದ, ಹೆಂಗ್ಲಾ ಮಾಡ್ದೆ ಇದ್ನ?"

"ಬಾಲ ನಂದಲ್ಲ ಕಣ್ರಣ್ಣ. ನಾನ್ ಊಟಕ್ಕೋಗಿದ್ದಾಗ ಅಣ್ಣಾವ್ರೇ ಕೂತಿದ್ರು. ಅವ್ರೇ ತಿದ್ದವ್ರೆ" ಎಂದು ನನ್ನತ್ತ ಕೈ ತೋರಿಸಿದ ಸಿದ್ದರಾಜು. ಅವನ ಮುಖದಲ್ಲಿ ಖುಷಿಯಲ್ಲದೆ ಬೇರೇನೂ ಇರಲಿಲ್ಲ.

ಕೆಂಪಣ್ಣ ನನ್ನ ಬೆನ್ನಿಗೆ ಗುದ್ದಿದರು. "ಕಳ್ಳ ಕಣಯ್ಯ ನೀನು!"

ನಾನು ಹೂಂ ಎಂದುಬಿಟ್ಟೆ.

ಮರುದಿನ ಒಬ್ಬನೇ ಫೈಲು ತೆರೆದೆ. ಬಾಲವಿಲ್ಲ. ಮತ್ತೆ ರೆಂಡರ್ ಮಾಡಿದೆ, ಬೋಳು ಗುಂಡು. ಹಿಂದಿನ ದಿನದ ಚಿತ್ರಗಳಲ್ಲಿ ಮಾತ್ರ ಬಾಲ ಹಾಗೇ ಇದೆ. ತಿಳಿದವರನ್ನು ಕೇಳಿದರೆ, ಎರಡು ಫೈಲಿದ್ದಿರಬೇಕು ಎನ್ನುತ್ತಾರೆ. ಇರಲಿಲ್ಲ.

ಪಾಲಿನ ವ್ಯಾಪಾರ ಮಾಡುವವರು ಕೇಳಿ: ಜೊತೆಗಾರ ಊಟಕ್ಕೆ ಎದ್ದಾಗ ನೀವೂ ಎದ್ದುಬಿಡಿ.

ಆ ಬಾಲದಿಂದ ಮಾಗಡಿ, ಕನಕಪುರದವರೆಗೂ ನನಗೆ ಹೆಸರು ಬಂತು. ಸಿದ್ದರಾಜು ಈಗಲೂ ನನ್ನ ಜೊತೆಗೇ ಇದ್ದಾನೆ. ಅಂಥದ್ದು ಇನ್ನೊಂದು ಮಾಡಿ ತೋರಿಸಿ ಅಣ್ಣಾ ಎಂದು ವರ್ಷಕ್ಕೊಮ್ಮೆಯಾದರೂ ಕೇಳುತ್ತಾನೆ. ಅವನ ಮೇಲಿನ ಕಿಚ್ಚು ಎಂದೋ ಆರಿದೆ. ಆದರೆ ಯಾರಾದರೂ ಆ ಬಾಲವನ್ನು ಹೊಗಳಿದರೆ, ಅದನ್ನು ಮಾಡಿದ್ದು ಯಾರೋ, ಅವರ ಮೇಲೆ ನನಗೆ ಹೊಟ್ಟೆ ಉರಿಯುತ್ತದೆ.